ಮರಕ್ಕೂ ಒಂದು ಪಹಣಿ ಬೇಕು

ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡಾಗ ನಾಡಿಗೆ ನಾಡೇ ಮರುಗಿತು. ಹುಲಿಕಲ್‌ನಿಂದ ಕುದೂರಿನ ಹಾದಿಯಲ್ಲಿ ಆಕೆ ಮತ್ತು ಗಂಡ ಚಿಕ್ಕಯ್ಯ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳ ಕಥೆ ನಮ್ಮ ಶಾಲಾ ಮಕ್ಕಳಿಗೂ ಬಾಯಿಪಾಠ. ಆಕೆಗೆ ರಾಷ್ಟ್ರೀಯ ಪೌರ ಪ್ರಶಸ್ತಿ ಬಂತು, 2019ರಲ್ಲಿ ಪದ್ಮಶ್ರೀ ಬಂತು. ಅರಣ್ಯ ಇಲಾಖೆ ಊರೂರಿನಲ್ಲಿ ಮಾಡಿದ ವೃಕ್ಷೋದ್ಯಾನಗಳಿಗೆ ಆಕೆಯ ಹೆಸರಿಟ್ಟಿತು. ಆದರೆ ಪದ್ಮಶ್ರೀ ಬಂದ ಅದೇ 2019ರಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವ ಯೋಜನೆಗೆ ಆಕೆಯ ಆಲದ ಮರಗಳೇ ಅಡ್ಡ ಬಂದವು. ಶತಾಯುಷಿಯಾದ ಆ ತಾಯಿ ಮುಖ್ಯಮಂತ್ರಿಗಳಿಗೆ ಮೊರೆಯಿಟ್ಟ ಮೇಲೆಯೇ ಬೇರೆ ದಾರಿ ಹುಡುಕುವ ಮಾತು ಬಂತು.

ಈ ಘಟನೆಯನ್ನು ನಾವು ಬೇಗ ಮರೆತೆವು. ಆದರೆ ಮರದ ವಿಚಾರದಲ್ಲಿ ನಮ್ಮ ಸರಕಾರಗಳ ಬುದ್ಧಿ ಏನೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ಇನ್ನೊಂದಿಲ್ಲ. ನೆಟ್ಟವರಿಗೆ ಶಾಲು, ಹಾರ, ಪ್ರಶಸ್ತಿ ಎಲ್ಲವೂ ಸಿಗುತ್ತದೆ. ನೆಟ್ಟ ಮರಕ್ಕೆ ಮಾತ್ರ ಕಾಗದದಲ್ಲಿ ಜಾಗವಿಲ್ಲ. ನೆಟ್ಟವರು ಬದುಕಿದ್ದು, ಪ್ರಸಿದ್ಧರೂ ಆಗಿದ್ದರೆ ಮರ ಉಳಿದೀತು. ಹೆಸರಿಲ್ಲದ ರೈತ ನೆಟ್ಟ ಹುಣಸೆಗೆ, ಯಾವನೋ ಫಕೀರ ನೆಟ್ಟ ಬೇವಿಗೆ ಮೊರೆಯಿಡುವವರು ಯಾರು?

ಈ ಪ್ರಶ್ನೆಯನ್ನು ಯಾದಗಿರಿ, ಶಹಾಪುರ, ಸುರಪುರದ ನೆಲದಲ್ಲಿ ನಿಂತು ಕೇಳಬೇಕಾಗಿದೆ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಈ ಮೂರು ತಾಲೂಕುಗಳು ಒಂದು ಜಿಲ್ಲೆಯಾದವು. ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿ ಎಂಬ ಹೊಸ ತಾಲೂಕುಗಳೂ ಬಂದವು. ಜಿಲ್ಲೆಯಾದ ಮೇಲೆ ಜಿಲ್ಲಾಡಳಿತ ಭವನ, ನ್ಯಾಯಾಲಯ, ವೈದ್ಯಕೀಯ ಕಾಲೇಜು ಒಂದೊಂದಾಗಿ ಬಂದವು. ಬರಬೇಕಾದದ್ದೇ. ಆದರೆ ಈ ನೆಲದ ಮರಗಳನ್ನು ಒಂದೆಡೆ ಕೂಡಿಸಿ, ಹೆಸರು ಬರೆದು, ಲೆಕ್ಕವಿಟ್ಟು, ಸಾರ್ವಜನಿಕರಿಗೆ ತೆರೆದಿಟ್ಟು, ಇದು ನಾಡಿನ ಆಸ್ತಿ ಎಂದು ಸರಕಾರ ಗೆಜೆಟ್‌ನಲ್ಲಿ ಸಾರಿದ ಒಂದು ವೃಕ್ಷಸಂಗ್ರಹ ಇಲ್ಲಿ ಬೇಕೆಂದು ಯಾವ ವೇದಿಕೆಯಲ್ಲೂ ಬೇಡಿಕೆ ಏಳುವುದಿಲ್ಲ. ಅದಕ್ಕೆ ಕಾರಣ, ವೃಕ್ಷೋದ್ಯಾನವೆಂದರೆ ಏನು ಎಂಬುದನ್ನೇ ನಾವು ತಪ್ಪಾಗಿ ತಿಳಿದಿರುವುದು.

ಕಳೆದ ದಶಕದಲ್ಲಿ ಅರಣ್ಯ ಇಲಾಖೆ ಪಟ್ಟಣಗಳ ಅಂಚಿನಲ್ಲಿ ಮಾಡಿದ ವೃಕ್ಷೋದ್ಯಾನಗಳ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಬಯಲುಸೀಮೆಯ ಪೇಟೆಯ ಜನರಿಗೆ ಸಂಜೆ ಕೂಡಲು ಒಂದಿಷ್ಟು ನೆರಳು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಇವುಗಳಲ್ಲಿ ಹಲವಾರು ಉದ್ಯಾನಗಳನ್ನು ನೋಡಿ. ಹೆಬ್ಬಾಗಿಲಲ್ಲಿ ಸಿಮೆಂಟಿನ ಹುಲಿ, ಒಳಗೆ ಸಿಮೆಂಟಿನ ಜಿಂಕೆ, ಜಾರುಬಂಡಿ, ಉಕ್ಕಿನ ವ್ಯಾಯಾಮದ ಸಲಕರಣೆ, ಫೋಟೋ ತೆಗೆಸಿಕೊಳ್ಳಲು ಬಣ್ಣದ ಮಂಟಪ. ಮರಗಳೂ ಇವೆ. ಆದರೆ ಯಾವ ಮರ, ಎಲ್ಲಿಂದ ಬಂದ ಬೀಜ, ಯಾವ ವರ್ಷ ನೆಟ್ಟದ್ದು, ಸತ್ತದ್ದೆಷ್ಟು, ಉಳಿದದ್ದೆಷ್ಟು ಎಂದು ಕೇಳಿದರೆ ಉತ್ತರ ಹೇಳುವವರು ಸಿಗುವುದು ಕಷ್ಟ. ಇದು ಮರಗಳಿರುವ ಆಟದ ಮೈದಾನ. ವೃಕ್ಷಸಂಗ್ರಹವೇ ಬೇರೆ.

ವೃಕ್ಷಸಂಗ್ರಹ ಎಂದರೆ ಮರಗಳ ಗ್ರಂಥಾಲಯ. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಂಬರು ಇರುವಂತೆ ಇಲ್ಲಿ ಪ್ರತಿ ಮರಕ್ಕೂ ನಂಬರು ಇರುತ್ತದೆ. ಬೀಜ ಯಾವ ಊರಿನ ಯಾವ ಹೊಲದಿಂದ ಬಂತು, ಯಾರು ತಂದರು, ಯಾವಾಗ ನೆಟ್ಟರು, ಯಾವ ತಿಂಗಳು ಹೂ ಬಿಟ್ಟಿತು, ಯಾವ ಬರಗಾಲದಲ್ಲಿ ಒಣಗಿತು ಎಂಬುದೆಲ್ಲ ದಫ್ತರಿನಲ್ಲಿ ದಾಖಲಾಗುತ್ತದೆ. ಎಲೆ, ಹೂ, ಕಾಯಿಗಳ ಮಾದರಿಯನ್ನು ಒಣಗಿಸಿ ಹಾಳೆಗೆ ಅಂಟಿಸಿ ಇಡುತ್ತಾರೆ. ಒಂದು ಮರ ಸತ್ತರೂ ಅದರ ಇತಿಹಾಸ ಸಾಯುವುದಿಲ್ಲ. ಮುಂದಿನವರು ಅದೇ ತಳಿಯನ್ನು ಮತ್ತೆ ಹುಡುಕಿ ತರಬಹುದು. ದಫ್ತರವಿಲ್ಲದ ಉದ್ಯಾನ ಎಷ್ಟು ಹಸಿರಾಗಿದ್ದರೂ ಅದು ವೃಕ್ಷಸಂಗ್ರಹವಲ್ಲ. ನಮ್ಮ ರೈತನಿಗೆ ಇದನ್ನು ಬೇರೆ ಮಾತಿನಲ್ಲಿ ವಿವರಿಸಬೇಕಿಲ್ಲ. ಹೊಲಕ್ಕೆ ಪಹಣಿ ಇರುವಂತೆ ಮರಕ್ಕೂ ಒಂದು ಪಹಣಿ ಬೇಕು ಎಂದರೆ ಸಾಕು. ನಮ್ಮ ಪಹಣಿಯಲ್ಲಿಯೇ ಮರಗಳಿಗೆಂದು ಒಂದು ಕಾಲಂ ಇದೆ. ಅದು ಹೆಚ್ಚಾಗಿ ಖಾಲಿ ಉಳಿಯುತ್ತದೆ ಎಂಬುದು ಬೇರೆ ಮಾತು.

ಇನ್ನು ಸರಕಾರದ ಮಾನ್ಯತೆಯಿಂದ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲಿಯೇ ಇದೆ. ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ಆರಂಭಿಸಿದರು. ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಬೀಜ, ಸಸಿ ತರಿಸಿ ಅದನ್ನು ಬೆಳೆಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ತೋಟದ ಹಣೆಬರಹ ಕೈಯಿಂದ ಕೈಗೆ ಅಲೆಯಿತು. ಮೊದಲು ಮೇಜರ್ ವಾ ಎಂಬ ಸೇನಾಧಿಕಾರಿಯ ವಶ. 1819ರಿಂದ 1831ರವರೆಗೆ ಕಲಕತ್ತೆಯ ಸಸ್ಯೋದ್ಯಾನದ ಅಧೀನ. ಆಮೇಲೆ ಮೈಸೂರಿನ ಕಮಿಷನರ್, ಆಮೇಲೆ ಒಂದು ತೋಟಗಾರಿಕಾ ಸಂಘ. ಯಾರು ಬಂದರೂ ಕೆಲವು ವರ್ಷ, ಹೋದ ಮೇಲೆ ಕಳೆ. ಈ ಅಲೆದಾಟ ನಿಂತದ್ದು 1856ರಲ್ಲಿ, ಕ್ಲೆಗ್‌ಹಾರ್ನ್ ಎಂಬ ವೈದ್ಯ-ಸಸ್ಯಶಾಸ್ತ್ರಜ್ಞನ ಶಿಫಾರಸಿನಂತೆ ಅದನ್ನು ಸರಕಾರಿ ಸಸ್ಯೋದ್ಯಾನ ಎಂದು ಘೋಷಿಸಿದಾಗ. ಆಗ ಸಂಬಳದ ಮೇಲ್ವಿಚಾರಕ ಬಂದ, ದಾಖಲೆ ಬಂತು, ಸಸ್ಯಗಳ ಪಟ್ಟಿ ಬಂತು. ಮುಂದೆ ಕ್ಯಾಮರನ್, ಕ್ರುಂಬಿಗಲ್, ಜವರಾಯ, ಮರಿಗೌಡರಂಥವರು ಒಬ್ಬರ ಹಿಂದೆ ಒಬ್ಬರು ಬಂದು ಅದನ್ನು ಬೆಳೆಸಿದರು. ಇಂದು ಅದು 240 ಎಕರೆ.

ಟಿಪ್ಪು ಬಗ್ಗೆ ಪ್ರತಿ ನವೆಂಬರ್‌ನಲ್ಲಿ ಜಗಳವಾಡುವವರು, ಪರವಾದವರೂ ವಿರೋಧದವರೂ, ಆತನ ಕತ್ತಿಯನ್ನು ಮಾತ್ರ ನೋಡುತ್ತಾರೆ. ಆತನ ಸಸಿಗಳ ಮಾತು ಯಾರೂ ಎತ್ತುವುದಿಲ್ಲ. ಆದರೆ ನಮ್ಮ ಚರ್ಚೆಗೆ ಬೇಕಾದ ಪಾಠ ಇನ್ನೊಂದಿದೆ. ಸುಲ್ತಾನನೊಬ್ಬನ ಪ್ರೀತಿ ಕೂಡ ಒಂದು ತೋಟವನ್ನು ಆತನ ಕಾಲದಾಚೆಗೆ ಕಾಯಲಾರದು. ಕಾಯುವುದು ವ್ಯವಸ್ಥೆ. ಲಾಲ್‌ಬಾಗ್ ಹುಟ್ಟಿದ್ದು ಇಬ್ಬರು ಅರಸರ ಆಸೆಯಿಂದ, ಉಳಿದದ್ದು ಒಂದು ಘೋಷಣೆ ಮತ್ತು ಅದರ ಬೆನ್ನಿಗೆ ಬಂದ ದಫ್ತರಿನಿಂದ.

ಹಾಗೆಂದು ಘೋಷಣೆಯನ್ನೇ ತಾಯತ ಮಾಡಿಕೊಂಡು ಕೂಡುವಂತಿಲ್ಲ. 1975ರಲ್ಲಿ ಕರ್ನಾಟಕ ಸರಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಆದರೂ 1998ರಲ್ಲಿ ಶಾಸಕರ ವಸತಿಗಾಗಿ ಕಬ್ಬನ್ ಪಾರ್ಕಿನ ಸುಮಾರು 32 ಎಕರೆಯನ್ನು ಕಾಯ್ದೆಯ ವ್ಯಾಪ್ತಿಯಿಂದ ಕೈಬಿಡಲು ಸರಕಾರವೇ ಹೊರಟಿತು. 2009ರಲ್ಲಿ ಮೆಟ್ರೊಗಾಗಿ ಲಾಲ್‌ಬಾಗ್‌ನ ಗೋಡೆ ಒಡೆದು ಮರ ಕಡಿದರು. 2025ರಲ್ಲಿ ಸುರಂಗ ರಸ್ತೆಯ ಯೋಜನೆ ಮತ್ತೆ ಲಾಲ್‌ಬಾಗ್‌ನ ನೆಲದತ್ತ ಬೆರಳು ತೋರಿಸಿತು. ಮೂರು ಸಲವೂ ಬೀದಿಗೆ ಬಂದವರು ಬೆಂಗಳೂರಿನ ನಾಗರಿಕರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅವರು ಬರೀ 'ಮರ ಪಾಪ' ಎನ್ನಲಿಲ್ಲ. 'ಇದು ಕಾಯ್ದೆಯಲ್ಲಿರುವ ಉದ್ಯಾನ, ನೀವು ಕಾಯ್ದೆ ಮುರಿಯುತ್ತಿದ್ದೀರಿ' ಎಂದು ಕೇಳುವ ಹಕ್ಕು ಅವರಿಗಿತ್ತು. ಮಾನ್ಯತೆ ಮರವನ್ನು ತಾನಾಗಿ ಉಳಿಸುವುದಿಲ್ಲ, ನಿಜ. ಆದರೆ ಉಳಿಸಲು ಹೊರಟವರ ಕೈಗೆ ಹಿಡಿಯಲು ಒಂದು ಕಾಗದ ಕೊಡುತ್ತದೆ. ಬೆಂಗಳೂರಿನವರ ಕೈಯಲ್ಲಿ ಆ ಕಾಗದವಿದೆ. ಯಾದಗಿರಿಯವರ ಕೈಯಲ್ಲಿ ಇಲ್ಲ.

ಇನ್ನೊಂದು ಬಗೆಯ ಮಾನ್ಯತೆ ಬಂದದ್ದು 2002ರ ಜೀವವೈವಿಧ್ಯ ಕಾಯ್ದೆಯಿಂದ. ಅದರ 37ನೇ ಕಲಮಿನಂತೆ ರಾಜ್ಯ ಸರಕಾರ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಬಹುದು. ದೇಶದಲ್ಲಿಯೇ ಮೊದಲು ಇದನ್ನು ಮಾಡಿದ್ದು ಕರ್ನಾಟಕ. 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ ಈ ಗೌರವ ಸಿಕ್ಕಿತು. ಹುಣಸೆ! ನಮ್ಮ ಜಿಲ್ಲೆಯ ಪ್ರತಿ ಊರ ಮುಂದೆ ನಿಂತಿರುವ, ನಾವು ಕಾಯಿ ಬಡಿದು ಮಾರಿ ಮರೆತುಬಿಡುವ ಅದೇ ಹುಣಸೆ. ಮುಂದೆ ಚಿಕ್ಕಮಗಳೂರಿನ ಹೊಗ್ರೇಕಾನ್, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಶಿವಮೊಗ್ಗದ ಅಂಬಾರಗುಡ್ಡ 2010–11ರಲ್ಲಿ ಈ ಪಟ್ಟಿಗೆ ಸೇರಿದವು. ಈ ಮೊದಲ ನಾಲ್ಕರಲ್ಲಿ ಕಲ್ಯಾಣ ಕರ್ನಾಟಕದ ಒಂದು ಹೆಸರೂ ಇಲ್ಲ. ಕೃಷಿ ವಿಶ್ವವಿದ್ಯಾಲಯದ ಆವರಣ ಕಾಡಲ್ಲ, ಮನುಷ್ಯರು ನೆಟ್ಟು ಬೆಳೆಸಿದ ಮರಗಳೂ ಅಲ್ಲಿವೆ. ಅಂದರೆ ನೆಟ್ಟು ಬೆಳೆಸಿದ ತಾಣಕ್ಕೂ ಸರಕಾರ ಮಾನ್ಯತೆ ಕೊಡಬಹುದು ಎಂಬುದಕ್ಕೆ ರಾಜ್ಯದಲ್ಲಿಯೇ ನಿದರ್ಶನವಿದೆ.

ನಮ್ಮ ಕಡೆ ಮರಗಳೇ ಇಲ್ಲ, ಮಾನ್ಯತೆ ಯಾವುದಕ್ಕೆ ಎಂದು ಕೆಲವರು ನಗಬಹುದು. ಈ ನಗುವಿನ ಹಿಂದೆ ಒಂದು ಅಜ್ಞಾನವಿದೆ. ಮರವೆಂದರೆ ಮಲೆನಾಡು, ಹಸಿರೆಂದರೆ ಕೊಡಗು ಎಂಬ ಭಾವನೆ ನಮ್ಮ ಪಠ್ಯಪುಸ್ತಕಗಳಿಂದಲೇ ಬಂದದ್ದು. ಬಿಸಿಲು ನಲವತ್ತು ಡಿಗ್ರಿ ದಾಟುವ ನಾಡಿನಲ್ಲಿ, ಎರೆಹೊಲದ ಬದುವಿನಲ್ಲಿ, ಬಂಡೆಯ ಸಂದಿನಲ್ಲಿ ಬದುಕಿ ತೋರಿಸಿದ ಮರ ಮಲೆನಾಡಿನ ಮರಕ್ಕಿಂತ ಕಡಿಮೆಯದಲ್ಲ. ಬೇವು, ಬನ್ನಿ, ಕರಿಜಾಲಿ, ಬಾರಿ, ಮುತ್ತುಗ, ಬೇಲ, ಬಿಲ್ವಪತ್ರಿ, ಅಂಕೋಲೆ, ಕಮರ, ಹೊಂಗೆ, ಅತ್ತಿ, ನೇರಳೆ, ಈಚಲ, ಗುಡ್ಡದ ಸೀತಾಫಲ — ಇವು ಬರಗಾಲದ ಪರೀಕ್ಷೆಯನ್ನು ನೂರಾರು ಸಲ ಪಾಸು ಮಾಡಿದ ಜಾತಿಗಳು. ಭೂಮಿ ಬಿಸಿಯಾಗುತ್ತಿದೆ ಎಂದು ಜಗತ್ತೆಲ್ಲ ಮಾತಾಡುವ ಈ ಹೊತ್ತಿನಲ್ಲಿ, ನಾಳೆ ಬೇಕಾಗುವ ಬೀಜ ಇಂಥ ಒಣನೆಲದ ಮರಗಳಲ್ಲಿಯೇ ಇದೆ.

ಆದರೆ ಇವು ಒಂದೊಂದಾಗಿ ಕಣ್ಮರೆಯಾಗುತ್ತಿವೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡು ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳು ಗದ್ದೆಯಾದವು. ನೀರು ಬಂದದ್ದು ಭಾಗ್ಯವೇ. ಆದರೆ ಜೋಳದ ಹೊಲದ ನಡುವೆ ನಿಂತ ಬೇವಿನ ನೆರಳು ಯಾರಿಗೂ ಅಡ್ಡಿಯಾಗಿರಲಿಲ್ಲ, ಭತ್ತದ ಗದ್ದೆಗೆ ಅದು ಅಡ್ಡಿಯಾಯಿತು. ನೀರಿಲ್ಲದ ಕಡೆ ಖಾಲಿ ಬಿದ್ದ ನೆಲವನ್ನು, ಕೆರೆಯಂಗಳವನ್ನು, ಖಬರಸ್ತಾನವನ್ನು ಬಳ್ಳಾರಿ ಜಾಲಿ ನುಂಗಿತು. ಗುರುಮಠಕಲ್ ಗಡಿ ದಾಟಿದರೆ ತೆಲುಗರು ಇದನ್ನು 'ಸರ್ಕಾರ್ ತುಮ್ಮ' ಎನ್ನುತ್ತಾರೆ, ಸರಕಾರಿ ಜಾಲಿ ಎಂದರ್ಥ. ಈ ಭಾಗದಲ್ಲಿ ಸರಕಾರದ ಹೆಸರು ಪಡೆದ ಮರ ಇದೊಂದೇ ಎಂಬುದು ಎಂಥ ವಿಪರ್ಯಾಸ!

ಮರ ಹೋಗುವ ಮೊದಲು ಅದರ ಹೆಸರು ಹೋಗುತ್ತದೆ. ಕಾನ್ವೆಂಟಿನ ಮಗುವಿಗೆ ಗುಲ್‌ಮೊಹರ್ ಗೊತ್ತು, ಅಂಕೋಲೆ ಗೊತ್ತಿಲ್ಲ. ಕನ್ನಡದ ಮುತ್ತುಗ, ಉರ್ದುವಿನ ಪಲಾಸ್ ಎರಡೂ ಒಂದೇ ಮರವೆಂದು ಅಕ್ಕಪಕ್ಕದ ಮನೆಯ ಮಕ್ಕಳಿಗೆ ತಿಳಿದಿಲ್ಲ. ಹುಣಸೆ–ಇಮ್ಲಿ, ನೇರಳೆ–ಜಾಮೂನ್, ಅತ್ತಿ–ಗೂಲರ್ ಎಂದು ಎರಡು ಹೆಸರಿನಲ್ಲಿ ಒಂದೇ ನೆರಳು ಉಂಡ ಜನ ನಾವು. ತಾಂಡಾಗಳಲ್ಲಿ ಲಂಬಾಣಿಯ ಹೆಸರುಗಳು ಬೇರೆಯೇ ಇವೆ. ಒಂದು ಮರದ ಮುಂದೆ ಈ ಎಲ್ಲ ಹೆಸರುಗಳನ್ನೂ ಸಸ್ಯಶಾಸ್ತ್ರದ ಹೆಸರಿನೊಡನೆ ಬರೆದ ಒಂದು ಫಲಕ ಮಕ್ಕಳಿಗೆ ಪರಿಸರದ ಪಾಠದ ಜೊತೆಗೆ ಸೌಹಾರ್ದದ ಪಾಠವನ್ನೂ ಹೇಳಬಲ್ಲದು. ಭಾಷಣ ಮಾಡುವ ಅಗತ್ಯ ಬೀಳುವುದಿಲ್ಲ.

ಮರಗಳ ಚರಿತ್ರೆ ಓದಿದರೆ ನಮ್ಮವರು-ಹೊರಗಿನವರು ಎಂಬ ಜಗಳದ ಬುಡವೂ ಅಲುಗಾಡುತ್ತದೆ. ಸವಣೂರಿನ ದೊಡ್ಡಹುಣಸೆ ಮಠದ ಭಾರೀ ಮರಗಳು ನಿಜವಾಗಿ ಹುಣಸೆಯಲ್ಲ, ಆಫ್ರಿಕದ ಬಾವೋಬಾಬ್. ವಿಜಯಪುರದಲ್ಲಿ, ಗೋಲ್ಕೊಂಡದಲ್ಲಿಯೂ ಈ ಜಾತಿಯ ಹಳೆಯ ಮರಗಳಿವೆ. 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ಇವು ಆಫ್ರಿಕದಿಂದ ಒಂದೇ ಸಲ ಬಂದವಲ್ಲ, ಬೇರೆ ಬೇರೆ ಕಾಲದಲ್ಲಿ ಮನುಷ್ಯರ ಓಡಾಟದೊಡನೆ ಬಂದವು ಎಂದು ತೋರಿಸಿತು. ಹಬಶಿ ಸೈನಿಕರು, ಅರಬ್ ವ್ಯಾಪಾರಿಗಳು, ಫಕೀರರು ಓಡಾಡಿದ ದಖ್ಖನಿನ ಕಥೆಯನ್ನು ಮರಗಳು ಹೇಳುತ್ತಿವೆ. ಆಫ್ರಿಕದ ಮರ ಲಿಂಗಾಯತ ಮಠದ ಅಂಗಳದಲ್ಲಿ ಪೂಜೆಗೊಳ್ಳುತ್ತಿದೆ. ಮಠದ ಸ್ವಾಮಿಗಳು ಅದರ ಜಾತಕ ಕೇಳಲಿಲ್ಲ.

ಯಾದಗಿರಿ ಜಿಲ್ಲೆಯಲ್ಲಿ ಇಂಥ ಕೂಡುಬಾಳಿನ ನೆಲೆಗಳಿಗೆ ಕೊರತೆಯಿಲ್ಲ. ಶಹಾಪುರ ತಾಲೂಕಿನ ಸಗರದಲ್ಲಿ ಸೂಫಿ ಸರ್‌ಮಸ್ತ್, ಗೋಗಿಯಲ್ಲಿ ಚಂದಾ ಹುಸೇನಿ. ಗೋಗಿಯ ದರ್ಗಾದ ಮಗ್ಗುಲಲ್ಲಿಯೇ ಬಿಜಾಪುರದ ಮೊದಮೊದಲ ಆದಿಲ್‌ಶಾಹಿ ಸುಲ್ತಾನರು ಮಣ್ಣಾಗಿದ್ದಾರೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರು. ಸುರಪುರದ ನಾಯಕ ಅರಸರು ಕಟ್ಟಿಸಿದ ಬೋನಾಳ ಕೆರೆಗೆ ಇಂದಿಗೂ ಹಕ್ಕಿಗಳು ಬರುತ್ತವೆ. ಗುಡ್ಡ, ಕೆರೆ, ದರ್ಗಾ, ಗುಡಿ ಇರುವಲ್ಲಿ ಹಳೆಯ ಮರಗಳು ಉಳಿದುಕೊಂಡು ಬಂದದ್ದು ಇಲಾಖೆಯ ಆದೇಶದಿಂದಲ್ಲ, ಭಯಭಕ್ತಿಯಿಂದ. ಈಗ ಆ ಭಯಭಕ್ತಿಯ ಸ್ವರೂಪ ಬದಲಾಗಿದೆ. ದೇವಸ್ಥಾನದ ಸಮಿತಿಗೂ ದರ್ಗಾದ ಕಮಿಟಿಗೂ ಅಂಗಳಕ್ಕೆ ಟೈಲ್ಸ್ ಹಾಕಿಸುವುದೇ ಅಭಿವೃದ್ಧಿ. ಬುಡದವರೆಗೆ ಸಿಮೆಂಟು ಮೆತ್ತಿದ ಬೇವು ಉಸಿರುಗಟ್ಟಿ ಸಾಯುತ್ತದೆ. ಸತ್ತ ಜಾಗದಲ್ಲಿ ತಗಡಿನ ಶೆಡ್ಡು ಬರುತ್ತದೆ.

ಇಲ್ಲಿ ಮುಸ್ಲಿಮರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮಾತುಗಳಿವೆ. ಯಾರಾದರೂ ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ನೆಟ್ಟವನ ಪಾಲಿಗೆ ದಾನವಾಗುತ್ತದೆ ಎಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದನ್ನು ನಾವು ಜುಮಾ ಪ್ರವಚನದಲ್ಲಿ ಕೇಳುತ್ತೇವೆ. ಆದರೆ ಅವರು ಗಿಡ ನೆಡಲು ಹೇಳಿದ್ದಷ್ಟೇ ಅಲ್ಲ, ಮರ ಉಳಿಸಲು ವ್ಯವಸ್ಥೆಯನ್ನೂ ಮಾಡಿದರು. ಮದೀನಾದ ಸುತ್ತಲ ಪ್ರದೇಶವನ್ನು ಹರಮ್ ಎಂದು ಸಾರಿ ಅಲ್ಲಿ ಮರ ಕಡಿಯುವುದನ್ನು, ಬೇಟೆಯಾಡುವುದನ್ನು ನಿಷೇಧಿಸಿದರು. ನಕೀ ಎಂಬ ಹುಲ್ಲುಗಾವಲನ್ನು ಹಿಮಾ ಎಂದು, ಅಂದರೆ ಸಾರ್ವಜನಿಕ ಹಿತಕ್ಕೆ ಕಾಯ್ದಿರಿಸಿದ ನೆಲವೆಂದು ಗೊತ್ತುಮಾಡಿದರು. ಮೊದಲ ಖಲೀಫ ಅಬೂಬಕರ್(ರ) ಯುದ್ಧಕ್ಕೆ ಹೊರಟ ಸೈನ್ಯಕ್ಕೂ ಹಣ್ಣಿನ ಮರ ಕಡಿಯಬೇಡಿ ಎಂದು ತಾಕೀತು ಮಾಡಿದರು. ಇವೆಲ್ಲ ಭಾವುಕ ಉಪದೇಶಗಳಲ್ಲ, ಆಡಳಿತದ ಆದೇಶಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಗೆಜೆಟ್ ಅಧಿಸೂಚನೆಗಳು.

ವಕ್ಫ್ ಎಂಬ ವ್ಯವಸ್ಥೆಯ ಒಳಗುಟ್ಟೂ ಇದೇ. ಒಬ್ಬನ ಒಳ್ಳೆಯ ಮನಸ್ಸು ಅವನೊಡನೆ ಸಾಯಬಾರದೆಂದು ಆಸ್ತಿಯನ್ನು ಕಟ್ಟಿಹಾಕಿ, ಉದ್ದೇಶ ಬರೆದು, ಸಾಕ್ಷಿ ಹಾಕಿಸಿ, ನೋಡಿಕೊಳ್ಳಲು ಮುತವಲ್ಲಿಯನ್ನು ನೇಮಿಸುವುದು. ಕಾಗದವಿಲ್ಲದ ಪುಣ್ಯಕಾರ್ಯಕ್ಕೆ ಏನು ಗತಿಯಾಗುತ್ತದೆ ಎಂಬುದು ಈ ಸಮುದಾಯಕ್ಕೆ ಯಾರೂ ಕಲಿಸಿಕೊಡಬೇಕಿಲ್ಲ. ಇಷ್ಟೆಲ್ಲ ತಿಳಿದೂ ನಮ್ಮ ಖಬರಸ್ತಾನಗಳು ಬಳ್ಳಾರಿ ಜಾಲಿಯ ಪೊದೆಗಳಾಗಿ ನಿಂತಿವೆ. ಹೆಣ ಹೂಳಲು ಹೋದವರು ಮುಳ್ಳು ಬಿಡಿಸಿಕೊಳ್ಳುತ್ತ ಬರುತ್ತಾರೆ. ವನಮಹೋತ್ಸವದ ದಿನ ಒಂದು ಸಸಿಗೆ ಹತ್ತು ಜನ ಕೈಹಚ್ಚಿ ಫೋಟೋ ಹೊಡೆಸಿಕೊಳ್ಳುವುದರಲ್ಲಿ ನಮ್ಮ ಸಂಘಟನೆಗಳು ಯಾರಿಗೂ ಹಿಂದೆ ಬಿದ್ದಿಲ್ಲ. ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ, ಮತ್ತೊಂದು ಫೋಟೋ. ಸರಕಾರವನ್ನು ಟೀಕಿಸುವ ಮೊದಲು ಈ ಗುಂಡಿಗಳ ಲೆಕ್ಕ ಕೊಡುವುದು ಒಳ್ಳೆಯದು.

ಈ ಬೇಡಿಕೆಗೆ ಬರಬಹುದಾದ ಆಕ್ಷೇಪಗಳನ್ನು ಹಗುರವಾಗಿ ಕಾಣುವಂತಿಲ್ಲ. ಮೊದಲ ಆಕ್ಷೇಪ ಬಡತನದ್ದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇಕಡಾ 52ರ ಆಸುಪಾಸು, ಇಡೀ ರಾಜ್ಯದಲ್ಲಿಯೇ ಕಡೆಯ ಸ್ಥಾನ. ಊರಿಗೆ ಊರೇ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವ ಜಿಲ್ಲೆಯಲ್ಲಿ ಮರಗಳ ಗ್ರಂಥಾಲಯ ಕಟ್ಟುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಅಲ್ಲ. ಗುಳೆ ಹೋದ ನಮ್ಮ ಕಟ್ಟಡ ಕಾರ್ಮಿಕರು ರಜೆಯ ದಿನ ಮಕ್ಕಳ ಕೈಹಿಡಿದು ನೋಡಲು ಹೋಗುವುದು ಲಾಲ್‌ಬಾಗಿಗೇ. ಬೆಂಗಳೂರಿನ ಬಡವನಿಗೆ ಸಿಕ್ಕ ನೆರಳು ಯಾದಗಿರಿಯ ಬಡವನಿಗೆ ಏಕೆ ಬೇಡ? ಬಡವರಿಗೆ ಬರೀ ಅನ್ನ ಸಾಕು, ಜ್ಞಾನ ಮತ್ತು ಚೆಲುವು ಉಳ್ಳವರಿಗೆ ಎಂಬ ಯೋಚನೆಯೇ ಈ ಭಾಗವನ್ನು ಇಷ್ಟು ವರ್ಷ ಹಿಂದೆ ಇಟ್ಟದ್ದು. ಹಣದ ಕೊರತೆಯ ನೆಪವೂ ಇಲ್ಲ. 371ಜೆ ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಎಂದು ಸರಕಾರವೇ ಘೋಷಿಸಿತು. ಒಂದು ಕಲ್ಯಾಣ ಮಂಟಪಕ್ಕೆ ಸುರಿಯುವ ದುಡ್ಡು ಒಂದು ವೃಕ್ಷಸಂಗ್ರಹದ ಆರಂಭಕ್ಕೆ ಸಾಕು. ಬೇಕಾದದ್ದು ಪ್ರತಿ ವರ್ಷ ತಪ್ಪದೆ ಬರುವ ಸಣ್ಣ ಅನುದಾನ ಮತ್ತು ವರ್ಗಾವಣೆಯಾಗದ ಒಬ್ಬ ತಜ್ಞ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸರಕಾರ ಮಾನ್ಯತೆ ಕೊಟ್ಟರೆ ಮೊದಲು ಬರುವುದು ತಂತಿಬೇಲಿ, ಆಮೇಲೆ ಟಿಕೆಟು. ಕುರಿ ಕಾಯುವವನು, ಸೌದೆ ಆಯುವವಳು, ಗುಡ್ಡದ ಸೀತಾಫಲ ಕಿತ್ತು ಬುಟ್ಟಿಯಲ್ಲಿ ಮಾರುವ ಹೆಣ್ಣುಮಗಳು ಹೊರಗೆ ಉಳಿಯುತ್ತಾರೆ. ಈ ಭಯಕ್ಕೆ ಆಧಾರವಿದೆ. ನಮ್ಮ ಅರಣ್ಯ ಕಾನೂನುಗಳ ಚರಿತ್ರೆಯೇ ಬಡವರನ್ನು ಹೊರಹಾಕಿದ ಚರಿತ್ರೆ. ಆದರೆ ಜೀವವೈವಿಧ್ಯ ಕಾಯ್ದೆಯಲ್ಲಿ ಇದಕ್ಕೆ ಉತ್ತರವೂ ಇದೆ. ಅಧಿಸೂಚನೆಯಿಂದ ಆರ್ಥಿಕವಾಗಿ ಪೆಟ್ಟು ತಿನ್ನುವವರಿಗೆ ಪರಿಹಾರ, ಪುನರ್ವಸತಿಯ ಯೋಜನೆಯನ್ನು ರಾಜ್ಯ ಸರಕಾರ ರೂಪಿಸಲೇಬೇಕು ಎಂದು 37ನೇ ಕಲಮೇ ಹೇಳುತ್ತದೆ. ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಊರವರಿಗೆ ಜಾಗವಿದೆ. ಕಾಗದದ ಮೇಲೆ ಸತ್ತಂತಿರುವ ಈ ಸಮಿತಿಗಳಿಗೆ ಜೀವ ಬರಿಸುವುದೇ ಮಾನ್ಯತೆಯ ಮೊದಲ ಷರತ್ತಾಗಲಿ. ಮರದ ಹೆಸರು, ಗುಣ, ಉಪಯೋಗ ತಿಳಿದ ಕುರಿಗಾಹಿಯನ್ನು, ಹಳ್ಳಿಯ ಹಕೀಮನನ್ನು, ಸೂಲಗಿತ್ತಿಯನ್ನು ಬೇಲಿಯ ಹೊರಗಿಟ್ಟು ಮಾಡಿದ ವೃಕ್ಷಸಂಗ್ರಹ ಬರೀ ಸೌದೆಯ ರಾಶಿ.

ಮೂರನೆಯದು, ಮಾನ್ಯತೆ ಸಿಕ್ಕ ಮೇಲೂ ನಿರ್ಲಕ್ಷ್ಯ ತಪ್ಪುವುದಿಲ್ಲ ಎಂಬುದು. ನಲ್ಲೂರಿನ ತೋಪಿನ ನಿರ್ವಹಣೆಯ ಬಗ್ಗೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದೂರುಗಳು ಬಂದಿವೆ. ಹಾಗೆಂದು ಮಾನ್ಯತೆಯೇ ಬೇಡವೆನ್ನುವುದು, ಆಸ್ಪತ್ರೆಯಲ್ಲಿ ವೈದ್ಯರಿಲ್ಲ ಎಂದು ಆಸ್ಪತ್ರೆಯನ್ನೇ ಮುಚ್ಚಿದಂತೆ. ಫಲಕ ಹಾಕಿ ಕೈತೊಳೆದುಕೊಳ್ಳುವ ಮಾನ್ಯತೆಗೂ ದಫ್ತರು, ತಜ್ಞ, ಅನುದಾನ ಕೂಡಿದ ಮಾನ್ಯತೆಗೂ ವ್ಯತ್ಯಾಸವಿದೆ. ನಾವು ಕೇಳಬೇಕಾದದ್ದು ಎರಡನೆಯದನ್ನು.

ಇದನ್ನು ಎಲ್ಲಿ ಮಾಡಬಹುದು? ಅಮೆರಿಕದ ನೆಬ್ರಾಸ್ಕ ಎಂಬ ಬಯಲು ರಾಜ್ಯದಲ್ಲಿ ಒಂದೇ ಕಡೆ ದೊಡ್ಡ ತೋಟ ಮಾಡುವ ಬದಲು ರಾಜ್ಯದ ಹಲವು ಊರುಗಳ ತೋಟಗಳನ್ನು ಒಂದೇ ಹೆಸರಿನ, ಒಂದೇ ಶಿಸ್ತಿನ ಸಾರ್ವಜನಿಕ ವೃಕ್ಷಸಂಗ್ರಹವಾಗಿ ಜೋಡಿಸಿದ್ದಾರೆ. ನಮಗೆ ಅದೇ ಕ್ರಮ ಹೊಂದುತ್ತದೆ. ಯಾದಗಿರಿಯ ಕೋಟೆಗುಡ್ಡದ ಸೆರಗಿನಲ್ಲಿ ಬಂಡೆನೆಲದ ಮರಗಳು. ಶಹಾಪುರದ ಕಡೆ ಎರೆಹೊಲದ ಬದುವಿನ ಮರಗಳು. ಸುರಪುರದ ಕಡೆ ಕೆರೆ, ಹಳ್ಳ, ನದಿದಂಡೆಯ ಮರಗಳು. ಮೂರೂ ಸೇರಿ ಒಂದು ಸಂಗ್ರಹ, ಒಂದು ದಫ್ತರು. ದಫ್ತರನ್ನು ಇಡಲು ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ, ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣಕ್ಕೆ 2010ರಲ್ಲಿ ಸಿಕ್ಕಿದ್ದು ಭೀಮರಾಯನಗುಡಿಗೆ ಸಿಗಬಾರದೆಂಬ ನಿಯಮವೇನೂ ಇಲ್ಲ. ಕೇಳಿದವರಿಲ್ಲ, ಅಷ್ಟೇ.

ಆರಂಭ ಸರಕಾರದಿಂದಲೇ ಆಗಬೇಕೆಂದೂ ಇಲ್ಲ. ಪ್ರತಿ ಖಬರಸ್ತಾನ ಕಮಿಟಿ, ಪ್ರತಿ ಗುಡಿಯ ಸಮಿತಿ, ಪ್ರತಿ ಪ್ರೌಢಶಾಲೆ ತನ್ನ ಅಂಗಳದ ಮರಗಳಿಗೆ ನಂಬರು ಕೊಟ್ಟು ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಡಲಿ. ಮರದ ಹೆಸರು, ಸುತ್ತಳತೆ, ನೆಟ್ಟವರು ಗೊತ್ತಿದ್ದರೆ ಅವರ ಹೆಸರು, ಹೂ ಬಿಡುವ ತಿಂಗಳು. ಬಳ್ಳಾರಿ ಜಾಲಿ ಕಿತ್ತ ಜಾಗದಲ್ಲಿ ಈ ನೆಲದ ಮರ ನೆಡಲಿ. ಇಂಥ ನೂರು ನೋಟುಬುಕ್ಕುಗಳು ಸೇರಿದರೆ ಜಿಲ್ಲೆಯ ಮೊದಲ ವೃಕ್ಷ ದಫ್ತರು ಸಿದ್ಧವಾಗುತ್ತದೆ. ಅದನ್ನು ಹಿಡಿದುಕೊಂಡು ಜಿಲ್ಲಾಧಿಕಾರಿಯ ಮುಂದೆ, ಜೀವವೈವಿಧ್ಯ ಮಂಡಳಿಯ ಮುಂದೆ ನಿಂತರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಹುಲಿಕಲ್‌ನ ಆಲದ ಮರಗಳನ್ನು ಒಬ್ಬ ತಾಯಿಯ ಹೆಸರು ಕಾಯಿತು. ಆಕೆ ಈಗ ಇಲ್ಲ. ಇನ್ನು ಆ ಮರಗಳನ್ನೂ, ಹೆಸರಿಲ್ಲದವರು ನೆಟ್ಟ ನಮ್ಮ ಬೇವು-ಹುಣಸೆಗಳನ್ನೂ ಕಾಯಬೇಕಾದದ್ದು ಕಾನೂನು ಮತ್ತು ಅದನ್ನು ಎಚ್ಚರದಿಂದ ಹಿಡಿದು ನಿಲ್ಲುವ ಜನ. ಕಾಗದ ಸರಕಾರ ಕೊಡಲಿ. ಎಚ್ಚರ ನಮ್ಮದಾಗಲಿ.